ಮಗುವಿಗೆ ರೇಡಿಯೇಶನ್ ಅಂದಾಗ: ಅಳೆದು ತೂಗುವ ದಿನಗಳ ಬಗ್ಗೆ ಅಪ್ಪ ಅಮ್ಮಂದಿರಿಗೆ

“ಎಂಟು ದಿನ ಆಯ್ತಲ್ಲಪ್ಪಾ, ಇನ್ನೂ ಕರೆಂಟೇ ಕೊಟ್ಟಿಲ್ಲ. ಒಳಗೆ ಏನ್ ಮಾಡ್ತಾ ಕೂತಿದ್ದೀರಿ?”

ಮಂಡ್ಯ ಕಡೆಯ ಒಬ್ಬ ಅಜ್ಜಿ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. ಮೊಮ್ಮಗನಿಗೆ ಆರು ವರ್ಷ. ತಲೆಯ ಹಿಂಭಾಗದಲ್ಲಿದ್ದ ಗೆಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಮುಂದಿನದು ರೇಡಿಯೇಶನ್. ನಮ್ಮ ಕಡೆ ಹಳ್ಳಿಗಳಲ್ಲಿ ಅದಕ್ಕೆ ‘ಕರೆಂಟ್ ಕೊಡೋದು’ ಅಂತಲೇ ಹೆಸರು. ದಿನಾ ಬಸ್ ಹತ್ತಿ ಬಂದು, ಇವತ್ತೂ ಇಲ್ಲ ಅಂತ ವಾಪಸ್ ಹೋಗುವ ಅಜ್ಜಿಗೆ ಸಿಟ್ಟು ಬರೋದು ಸಹಜ. ಆ ಎಂಟು ದಿನ ಏನು ನಡೆಯುತ್ತಿದೆ ಅಂತ ಅವರಿಗೆ ಯಾರೂ ಕೂರಿಸಿ ಹೇಳಿರಲಿಲ್ಲ.

ನಾನು ಮೈಸೂರಿನಲ್ಲಿ ಮೆಡಿಕಲ್ ಫಿಸಿಸಿಸ್ಟ್. ಕಿರಣ ಯಾವ ಕಡೆಯಿಂದ, ಎಷ್ಟು ಬೀಳಬೇಕು ಅಂತ ಲೆಕ್ಕ ಹಾಕುವುದು, ಯಂತ್ರ ಆ ಲೆಕ್ಕದಂತೆ ನಡೆಯುತ್ತಿದೆಯಾ ಅಂತ ನೋಡುವುದು ನನ್ನ ಕೆಲಸ. ಎಲ್ಲ ಅಪ್ಪ ಅಮ್ಮಂದಿರಿಗೂ ನಾನು ಒಂದೇ ಮಾತು ಹೇಳುತ್ತೇನೆ. ಶುರುವಾಗುವ ಮುಂಚೆ ಅಳೆದು ತೂಗಲು ಬೇಕಾದಷ್ಟು ಸಮಯ ಕೊಡಿ. ಶುರುವಾದ ಮೇಲೆ ಒಂದು ದಿನವನ್ನೂ ತಪ್ಪಿಸಬೇಡಿ. ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ಆಗುತ್ತದೆ. ಶುರುವಿಗೆ ಅವಸರ, ನಡುವೆ ಹಬ್ಬಕ್ಕೆ ರಜೆ.

ಮಕ್ಕಳ ವಿಷಯದಲ್ಲಿ ಇದು ದೊಡ್ಡವರಿಗಿಂತ ಜಾಸ್ತಿ ಮುಖ್ಯ. ಮಗುವಿನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಮೆದುಳು ಕಲಿಯುತ್ತಿರುತ್ತದೆ. ಕಾಯಿಲೆ ವಾಸಿಯಾದ ಮೇಲೆ ಆ ಮಗು ಇನ್ನೂ 60, 70 ವರ್ಷ ಬಾಳಬೇಕು. ಗೆಡ್ಡೆಯ ಜಾಗಕ್ಕೆ ಡೋಸ್ ಕಡಿಮೆ ಆದರೆ ಕಾಯಿಲೆ ಮರಳಬಹುದು. ಪಕ್ಕದ ಜಾಗಕ್ಕೆ ಜಾಸ್ತಿ ಬಿದ್ದರೆ ಅದರ ಫಲ ಹತ್ತು ವರ್ಷದ ನಂತರ ಕಾಣಿಸಬಹುದು.

ಮೊದಲು: ಎಲ್ಲಿ ಮಾಡಿಸೋದು?

ಮನೆಗೆ ಹತ್ತಿರ ಅನ್ನೋದು ಒಳ್ಳೆಯ ಕಾರಣವೇ. ಆದರೆ ಅದೊಂದೇ ಸಾಲದು. ಮಕ್ಕಳ ಕ್ಯಾನ್ಸರ್ ಡಾಕ್ಟರ್, ಸರ್ಜನ್, ರೇಡಿಯೇಶನ್ ಡಾಕ್ಟರ್ ಮೂವರೂ ಒಟ್ಟಿಗೆ ಕೂತು ನಿಮ್ಮ ಮಗುವಿನ ಫೈಲ್ ನೋಡಿದ್ದಾರಾ ಅಂತ ಕೇಳಿ. ಇದಕ್ಕೆ ಟ್ಯೂಮರ್ ಬೋರ್ಡ್ ಅನ್ನುತ್ತಾರೆ. ಮಗು ತೀರಾ ಚಿಕ್ಕದಾದರೆ ಅಲ್ಲಾಡದೆ ಮಲಗಲು ದಿನಾ ಅನಸ್ತೇಶಿಯಾ, ಅಂದರೆ ಎಚ್ಚರ ತಪ್ಪಿಸುವ ಮದ್ದು, ಬೇಕಾಗುತ್ತದೆ. ಮಕ್ಕಳಿಗೆ ಕೊಟ್ಟು ಪಳಗಿದ ಡಾಕ್ಟರ್ ಅಲ್ಲಿದ್ದಾರಾ ಅಂತಲೂ ವಿಚಾರಿಸಿ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ, ಮಕ್ಕಳ ಕ್ಯಾನ್ಸರ್‌ಗೆ ಅಲ್ಲಿ ಬೇರೆ ವಿಭಾಗವೇ ಇದೆ. ಮೈಸೂರಿನಲ್ಲೂ ರೇಡಿಯೇಶನ್ ಕೊಡುವ ಲೀನಿಯರ್ ಆಕ್ಸಿಲರೇಟರ್ ಯಂತ್ರಗಳಿವೆ. ಎಷ್ಟೋ ಸಲ ಪ್ಲಾನ್ ಬಗ್ಗೆ, ಅಂದರೆ ಕಿರಣ ಎಲ್ಲಿಗೆ ಎಷ್ಟು ಅನ್ನುವ ಲೆಕ್ಕದ ಬಗ್ಗೆ, ಅಭಿಪ್ರಾಯ ದೊಡ್ಡ ಸಂಸ್ಥೆಯಿಂದ ತಗೊಂಡು, ಚಿಕಿತ್ಸೆಯನ್ನು ಊರ ಹತ್ತಿರವೇ ಮಾಡಿಸಬಹುದು. ಎರಡನೇ ಅಭಿಪ್ರಾಯ ಕೇಳಿದರೆ ಡಾಕ್ಟರ್ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡಿ.

ಪ್ರೋಟಾನ್ ಅನ್ನುವ ಇನ್ನೊಂದು ಬಗೆಯ ಕಿರಣದ ಬಗ್ಗೆಯೂ ಕೇಳುತ್ತಾರೆ. ಪ್ರೋಟಾನ್ ಕಿರಣ ಗೆಡ್ಡೆಯ ಹತ್ತಿರ ನಿಂತುಬಿಡುತ್ತದೆ, ಆಚೆ ಹೋಗುವುದಿಲ್ಲ. ಕೆಲವು ಮಕ್ಕಳಿಗೆ, ಅದರಲ್ಲೂ ಬೆನ್ನುಹುರಿ ಪೂರ್ತಿ ಕೊಡಬೇಕಾದವರಿಗೆ ಅದು ಅನುಕೂಲ. ಚೆನ್ನೈನಲ್ಲಿ 2019ರಿಂದ ಇದೆ, ಮುಂಬೈನ ಟಾಟಾ ಸಂಸ್ಥೆಯ ಖಾರ್ಘರ್ ಕೇಂದ್ರದಲ್ಲೂ ಇದೆ. ನಿಮ್ಮ ಮಗುವಿಗೆ ಅದರಿಂದ ನಿಜವಾಗಿ ಎಷ್ಟು ಲಾಭ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಸಿಗಲಿಲ್ಲ ಅಂತ ಕೊರಗುತ್ತಾ ದಿನ ಕಳೆಯಬೇಡಿ. ಈಗಿನ ಒಳ್ಳೆಯ ಎಕ್ಸ್‌ರೇ ಕಿರಣದ ಯಂತ್ರದಲ್ಲಿ, ಸರಿಯಾದ ಪ್ಲಾನ್ ಮಾಡಿ, ತಪ್ಪದೆ ಕೊಟ್ಟು ಗುಣವಾದ ಮಕ್ಕಳು ಬೇಕಾದಷ್ಟು.

ದುಡ್ಡಿನ ಕೆಲಸವನ್ನು ಅವತ್ತೇ ಶುರು ಮಾಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ, ಅವರನ್ನು ಹುಡುಕಿ. ಮೊದಲೇ ಒಪ್ಪಿಗೆ ಬರಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಪ್ಲಾನ್ ಸಿದ್ಧವಾಗಿ ಕಾಗದ ಬಾರದೆ ಮಗು ಕಾಯುವ ಹಾಗೆ ಆಗಬಾರದು. ಬೆಂಗಳೂರಿಗೋ ಚೆನ್ನೈಗೋ ಹೋಗುವುದಾದರೆ ಆಸ್ಪತ್ರೆಯಿಂದ ರೈಲ್ವೆ ಫಾರ್ಮ್ ಬರೆಸಿಕೊಳ್ಳಿ. ಕ್ಯಾನ್ಸರ್ ಇರುವ ಮಗುವಿಗೂ ಜೊತೆಗೆ ಹೋಗುವ ಒಬ್ಬರಿಗೂ ಟಿಕೆಟ್‌ನಲ್ಲಿ ದೊಡ್ಡ ರಿಯಾಯಿತಿ ಇದೆ.

ಕಾಗದ ಪತ್ರ

ಬಯಾಪ್ಸಿ ರಿಪೋರ್ಟ್, ಆಪರೇಷನ್ ನೋಟ್ಸ್, ಕೀಮೋ ಯಾವತ್ತು ಯಾವ ಔಷಧ ಕೊಟ್ಟರು ಅನ್ನುವ ಚೀಟಿ, ಇವೆಲ್ಲ ಬೇಕು. ಕೆಲವು ಕೀಮೋ ಔಷಧಗಳನ್ನು ರೇಡಿಯೇಶನ್ ಜೊತೆಗೇ ಕೊಟ್ಟರೆ ಚರ್ಮ, ಬಾಯಿ ಸುಡುವುದು ಜಾಸ್ತಿ. ಅದಕ್ಕೇ ತಾರೀಕು ಮುಖ್ಯ. ಎಂಆರ್‌ಐ ಎರಡೂ ತನ್ನಿ, ಆಪರೇಷನ್‌ಗೆ ಮುಂಚಿನದು ಮತ್ತು ನಂತರದ್ದು. ಗೆಡ್ಡೆ ಎಲ್ಲಿತ್ತು ಅಂತ ತೋರಿಸುವುದು ಹಳೆಯದು, ಈಗ ಏನು ಉಳಿದಿದೆ ಅಂತ ತೋರಿಸುವುದು ಹೊಸದು. ಫಿಲ್ಮ್ ಮಾತ್ರ ಸಾಲದು, ಸಿಡಿ ಬೇಕೇ ಬೇಕು. ಸಿಡಿಯಲ್ಲಿರುವ ಚಿತ್ರವನ್ನು ನಾವು ಕಂಪ್ಯೂಟರಿನಲ್ಲಿ, ಪ್ಲಾನ್ ಮಾಡಲು ತೆಗೆಯುವ ನಮ್ಮ ಸಿಟಿ ಸ್ಕ್ಯಾನ್ ಮೇಲೆ ಕೂರಿಸಿ ತಾಳೆ ಹಾಕುತ್ತೇವೆ. ಫಿಲ್ಮ್‌ನಲ್ಲಿ ಅದು ಆಗುವುದಿಲ್ಲ.

ಮಾಸ್ಕ್ ಮಾಡುವ ದಿನ

ತಲೆಗೆ, ಕುತ್ತಿಗೆಗೆ ಕೊಡುವುದಾದರೆ, ತಲೆ ಅಲ್ಲಾಡದ ಹಾಗೆ ಹಿಡಿದಿಡಲು ಮಾಸ್ಕ್ ಮಾಡುತ್ತಾರೆ. ಅದು ತೂತು ತೂತಾದ ಬಿಳಿ ಪ್ಲಾಸ್ಟಿಕ್ ಹಾಳೆ. 70 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಮುಳುಗಿಸಿದರೆ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ನೀರು ಒರೆಸಿ, ಬಿಸಿ ತಡೆಯುವಷ್ಟು ಆದಾಗ ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಹತ್ತು ನಿಮಿಷದೊಳಗೆ ಮೂಗು, ಗಲ್ಲದ ಅಚ್ಚು ಹಿಡಿದು ಗಟ್ಟಿಯಾಗುತ್ತದೆ. ಉಸಿರಾಟಕ್ಕೆ ತೊಂದರೆ ಇಲ್ಲ. ಆದರೆ ಮಗುವಿಗೆ ಅದು ಗೊತ್ತಿರುವುದಿಲ್ಲ ಅಲ್ವಾ? ಹಿಂದಿನ ದಿನವೇ ಆ ಹಾಳೆಯ ತುಂಡೊಂದನ್ನು ಕೇಳಿ ಪಡೆದು, ಮಗುವಿನ ಕೈಗೆ ಕೊಡಿ. ಗೊಂಬೆಗೆ ತೊಡಿಸಿ ಆಡಲಿ.

ಮನೆಯಲ್ಲಿ ಒಂದು ಆಟ ಆಡಿಸಿ. ನಾನು ಇದನ್ನು ನಂದಿ ಆಟ ಅಂತ ಕರೆಯುತ್ತೇನೆ. “ಚಾಮುಂಡಿ ಬೆಟ್ಟದ ನಂದಿ ನೋಡಿದ್ದೀಯಲ್ಲ ಪುಟ್ಟ, ಅದು ಅಲ್ಲಾಡುತ್ತಾ?” ಅಂತ ಕೇಳಿ, ಚಾಪೆ ಮೇಲೆ ಮಲಗಿಸಿ, ಮೊಬೈಲ್‌ನಲ್ಲಿ ಟೈಮರ್ ಇಡಿ. ಮೊದಲ ದಿನ ಅರ್ಧ ನಿಮಿಷ. ಆಮೇಲೆ ಒಂದು, ಎರಡು, ಐದು. ನೀವು ಬಾಗಿಲ ಹೊರಗೆ ನಿಂತು ಮಾತಾಡಿಸಿ, ಯಾಕೆಂದರೆ ಕಿರಣ ಬಿಡುವಾಗ ರೂಮಿನಲ್ಲಿ ಮಗು ಒಂದೇ ಇರಬೇಕು. ನಾಲ್ಕೂವರೆ ವರ್ಷದ ಮಗುವೊಂದು ಹೀಗೆ ಕಲಿತು ಇಡೀ ಚಿಕಿತ್ಸೆಯನ್ನು ಅನಸ್ತೇಶಿಯಾ ಇಲ್ಲದೆ ಮುಗಿಸಿದ್ದನ್ನು ನೋಡಿದ್ದೇನೆ. ಎಲ್ಲ ಮಕ್ಕಳಿಗೂ ಆಗುವುದಿಲ್ಲ. ಆಗದಿದ್ದರೆ ಬೈಯಬೇಡಿ.

ಈಗ ಮುಡಿಯ ವಿಷಯ. ಒಂದು ಕುಟುಂಬ ಶನಿವಾರ, ಭಾನುವಾರ ಹೇಗೂ ರಜೆ ಅಂತ ಮಗುವನ್ನು ಮಾದೇಶ್ವರನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಮುಡಿ ಕೊಟ್ಟು ಬಂತು. ಹರಕೆ ಹೊತ್ತಿದ್ದರು, ತಪ್ಪೇನಿಲ್ಲ. ಸೋಮವಾರ ಮಾಸ್ಕ್ ಹಾಕಿದರೆ ಹಣೆಯ ಹತ್ತಿರ ಬೆರಳು ಆಡುವಷ್ಟು ಸಡಿಲ. ದಟ್ಟ ಕೂದಲಿನ ಮೇಲೆ ಮಾಡಿದ ಮಾಸ್ಕ್ ಅದು. ಹೊಸ ಮಾಸ್ಕ್, ಹೊಸ ಸಿಟಿ, ಹೊಸ ಲೆಕ್ಕ ಅಂತ ನಾಲ್ಕು ದಿನ ಹೋಯಿತು. ಮೊದಲೇ ಹೇಳದೆ ಇದ್ದದ್ದು ನಮ್ಮ ತಪ್ಪು. ಅವತ್ತಿನಿಂದ ನಾನು ಎಲ್ಲರಿಗೂ ಹೇಳುತ್ತೇನೆ: ಮುಡಿ ಕೊಡುವುದಿದ್ದರೆ ಮಾಸ್ಕ್ ಮಾಡುವ ಮುಂಚೆ ಕೊಟ್ಟುಬಿಡಿ.

ಸ್ಟಿರಾಯ್ಡ್ ಮಾತ್ರೆಯೂ ಹಾಗೇ. ಡೆಕ್ಸಾ ಕೊಡುತ್ತಿದ್ದರೆ ಮಗುವಿನ ಮುಖ ದುಂಡಗೆ ಊದಿಕೊಳ್ಳುತ್ತದೆ. ಮಾತ್ರೆ ನಿಲ್ಲಿಸಿದರೆ ಇಳಿಯುತ್ತದೆ. ಮಾಸ್ಕ್ ಬಿಗಿಯಾಯಿತು, ಕೆನ್ನೆಯಲ್ಲಿ ಬಲೆಯ ಗುರುತು ಜಾಸ್ತಿ ಬಿತ್ತು, ಅಥವಾ ಸಡಿಲವಾಯಿತು ಅನ್ನಿಸಿದರೆ ಅವತ್ತೇ ಟೆಕ್ನಿಷಿಯನ್‌ಗೆ ಹೇಳಿ. ಮಗುವಿನ ಮುಖ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೈ ಮೇಲಿನ ಲೋಹ ತೆಗೆಯಬೇಕು. ಬೆಳ್ಳಿ ಉಡಿದಾರ, ತಾಯತ, ಕಾಲ್ಗೆಜ್ಜೆ, ಓಲೆ ಎಲ್ಲ. ಹಿರಿಯರು ಒಪ್ಪದಿದ್ದರೆ ಹಿಂದಿನ ದಿನವೇ ಮಾತಾಡಿ ಒಪ್ಪಿಸಿ. ಸಿಟಿ ಟೇಬಲ್ ಮೇಲೆ ಮಗು ಅಳುತ್ತಿರುವಾಗ ಆ ಜಗಳ ಬೇಡ.

ಏನೂ ಆಗುತ್ತಿಲ್ಲ ಅನ್ನಿಸುವ ದಿನಗಳು

ಅಜ್ಜಿ ಕೇಳಿದ್ದು ಈ ದಿನಗಳ ಬಗ್ಗೆ. ಮಾಸ್ಕ್ ಹಾಕಿ ತೆಗೆದ ಸಿಟಿಯಲ್ಲಿ 2–3 ಮಿಲಿಮೀಟರಿಗೆ ಒಂದು ಚಿತ್ರ ಇರುತ್ತದೆ, ನೂರಾರು ಚಿತ್ರಗಳು. ರೇಡಿಯೇಶನ್ ಡಾಕ್ಟರ್ ಒಂದೊಂದು ಚಿತ್ರದ ಮೇಲೂ ಗೆರೆ ಎಳೆಯುತ್ತಾರೆ. ಗೆಡ್ಡೆ ಇದ್ದ ಜಾಗಕ್ಕೆ ಒಂದು ಗೆರೆ. ಕಣ್ಣಿಗೆ ಕಾಣದ ಕಾಯಿಲೆ ಹರಡಿರಬಹುದಾದ ಜಾಗ ಸೇರಿಸಿ ಇನ್ನೊಂದು. ದಿನಾ ಮಲಗಿಸುವಾಗ ಆಗುವ ಸಣ್ಣ ವ್ಯತ್ಯಾಸಕ್ಕೆ ಸುತ್ತಲೂ ಸುಮಾರು 3ರಿಂದ 5 ಮಿಲಿಮೀಟರ್ ಬಿಟ್ಟು ಮತ್ತೊಂದು. ಆಮೇಲೆ ಕಾಪಾಡಬೇಕಾದವು: ಕಣ್ಣು, ಒಳಕಿವಿ, ಹಾರ್ಮೋನ್ ಕೊಡುವ ಪಿಟ್ಯುಟರಿ, ಥೈರಾಯ್ಡ್ ಗ್ರಂಥಿಗಳು, ಕಿಡ್ನಿ.

ಈ ಗೆರೆಗಳು ಎಷ್ಟು ಮುಖ್ಯ ಅಂತ ಒಂದು ಉದಾಹರಣೆ. ಮೆಡುಲ್ಲೋಬ್ಲಾಸ್ಟೋಮಾ ಅನ್ನುವ ಮೆದುಳಿನ ಗೆಡ್ಡೆಯಲ್ಲಿ ಇಡೀ ತಲೆಗೂ ಬೆನ್ನುಹುರಿಗೂ ಕಿರಣ ಕೊಡಬೇಕು. ಎರಡು ಕಣ್ಣುಗಳ ನಡುವೆ, ಮೂಗಿನ ಬುಡದ ಮೇಲೆ ತೆಳ್ಳಗಿನ ಮೂಳೆಯ ತಟ್ಟೆಯೊಂದಿದೆ. ಮೆದುಳಿನ ಸುತ್ತ ಇರುವ, ಕಾಯಿಲೆಯ ಕಣ ಸೇರಿರಬಹುದಾದ ನೀರು ಅಲ್ಲಿಯವರೆಗೂ ಇಳಿದಿರುತ್ತದೆ. ಕಣ್ಣನ್ನು ಉಳಿಸಬೇಕು ಅಂತ ಕಿರಣಕ್ಕೆ ಅಡ್ಡ ಇಡುವಾಗ ಆ ತಟ್ಟೆಯೂ ಮರೆಯಾಗಿಬಿಡುತ್ತಿತ್ತು. 1990ರ ದಶಕದಲ್ಲಿ ಫ್ರಾನ್ಸಿನ ವೈದ್ಯರು ಇಂಥ ಮಕ್ಕಳ ಚಿಕಿತ್ಸೆಯ ಫಿಲ್ಮ್‌ಗಳನ್ನು ಮತ್ತೆ ತೆಗೆದು ನೋಡಿದರು. ಕಿರಣ ಸರಿಯಾಗಿ ಮುಟ್ಟದೆ ತಪ್ಪಾದ ಮಕ್ಕಳಲ್ಲಿ ಕಾಯಿಲೆ ಮರಳಿದ್ದು ಜಾಸ್ತಿ ಇತ್ತು. ಎರಡು ಬೆರಳಿನ ಅಗಲವೂ ಇಲ್ಲದ ಜಾಗ ಅದು. ಯಂತ್ರ ಎಷ್ಟೇ ಹೊಸದಾಗಿರಲಿ, ಗೆರೆ ತಪ್ಪಿದರೆ ಅದು ತಪ್ಪಿದ ಜಾಗಕ್ಕೇ ಕರಾರುವಾಕ್ಕಾಗಿ ಕಿರಣ ಬಿಡುತ್ತದೆ.

ಇನ್ನೊಂದು ಉದಾಹರಣೆ ಕಿಡ್ನಿಯ ವಿಲ್ಮ್ಸ್ ಗೆಡ್ಡೆ. ಕಿಡ್ನಿ ಬೆನ್ನುಮೂಳೆಯ ಪಕ್ಕದಲ್ಲೇ ಇರುತ್ತದೆ. ಮೂಳೆಯನ್ನು ಪೂರ್ತಿ ಬಿಡಲು ಆಗದಿದ್ದರೆ ಅರ್ಧಕ್ಕೆ ಕೊಟ್ಟು ಅರ್ಧ ಉಳಿಸುವುದು ಒಳ್ಳೆಯದಲ್ಲವಾ ಅಂತ ನಿಮಗೆ ಅನ್ನಿಸಬಹುದು. ಅಲ್ಲ. ಒಂದು ಕಡೆ ಬೆಳವಣಿಗೆ ಕುಂಠಿತವಾಗಿ, ಇನ್ನೊಂದು ಕಡೆ ಬೆಳೆಯುತ್ತಾ ಹೋದರೆ ಮಗುವಿನ ಬೆನ್ನು ಡೊಂಕಾಗುತ್ತದೆ. ಅದಕ್ಕೇ ಮೂಳೆಯ ಅಗಲಕ್ಕೆಲ್ಲ ಒಂದೇ ಸಮ ಕೊಡುತ್ತೇವೆ. ದೊಡ್ಡವರ ಪ್ಲಾನ್‌ನಲ್ಲಿ ಈ ಯೋಚನೆಯೇ ಬರುವುದಿಲ್ಲ.

ಗೆರೆ ಮುಗಿದ ಮೇಲೆ ನಮ್ಮ ಲೆಕ್ಕ. ಅದನ್ನು ಡಾಕ್ಟರ್ ನೋಡುತ್ತಾರೆ, ತಿದ್ದಿಸುತ್ತಾರೆ, ಮತ್ತೆ ಮಾಡುತ್ತೇವೆ. ಒಪ್ಪಿದ ಮೇಲೆ ಸಂಜೆ ರೋಗಿಗಳೆಲ್ಲ ಹೋದ ಮೇಲೆ ಟೇಬಲ್ ಮೇಲೆ ಮಗುವಿನ ಬದಲು ಪ್ಲಾಸ್ಟಿಕ್ ಹಲಗೆಗಳನ್ನು ಜೋಡಿಸಿ, ನಡುವೆ ಅಳತೆಯ ಸಾಧನ ಇಟ್ಟು, ನಿಮ್ಮ ಮಗುವಿನ ಪ್ಲಾನನ್ನೇ ಪೂರ್ತಿ ನಡೆಸುತ್ತೇವೆ. ಕಂಪ್ಯೂಟರ್ ಹೇಳಿದ್ದಕ್ಕೂ ಅಳತೆಗೂ ತಾಳೆಯಾಗದಿದ್ದರೆ ಆ ಪ್ಲಾನ್ ಮುಂದಕ್ಕೆ ಹೋಗುವುದಿಲ್ಲ. ಯಂತ್ರಕ್ಕೂ ಪ್ರತಿದಿನ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಪರೀಕ್ಷೆ ಇರುತ್ತದೆ. ಡೋಸ್ ಶೇಕಡಾ 3ಕ್ಕಿಂತ ಆಚೀಚೆ ಆದರೆ ಕಾರಣ ಹುಡುಕಿ ಸರಿಪಡಿಸುವವರೆಗೆ ಯಾರನ್ನೂ ಮಲಗಿಸುವುದಿಲ್ಲ. ದೇಶದ ಎಲ್ಲ ರೇಡಿಯೇಶನ್ ಯಂತ್ರಕ್ಕೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು.

ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋಗಿ ಮೊಮ್ಮಗನ ಸಿಟಿ ಮೇಲಿನ ಬಣ್ಣದ ಗೆರೆಗಳನ್ನು ತೋರಿಸಿದೆ. ಹಸಿರು ಗೆರೆ ಕಣ್ಣು, ಅದಕ್ಕೆ ಪೆಟ್ಟಾಗಬಾರದು ಅಂತ ಹೇಳಿದೆ. ಸ್ವಲ್ಪ ಹೊತ್ತು ನೋಡಿ, “ಇದನ್ನ ಮೊದ್ಲೇ ಹೇಳಬಾರದಿತ್ತಾ ಮಗಾ” ಅಂದರು.

ಅವಸರ ಬೇಡ ಅಂದರೆ ತಡ ಮಾಡಿ ಅಂತಲ್ಲ. ವಿಲ್ಮ್ಸ್‌ನಲ್ಲಿ ಆಪರೇಷನ್ ಆಗಿ ಎರಡು ವಾರದ ಒಳಗೆ ಶುರುವಾದರೆ ಒಳ್ಳೆಯದು. ಮೆಡುಲ್ಲೋಬ್ಲಾಸ್ಟೋಮಾದಲ್ಲಿ ನಾಲ್ಕೈದು ವಾರದೊಳಗೆ. ಈ ಕಾಲ ಅಳೆದು ತೂಗಲು ಸಾಕು, ಆದರೆ ನೀವು ಆಪರೇಷನ್ ಆದ ವಾರದಲ್ಲೇ ರೇಡಿಯೇಶನ್ ಡಾಕ್ಟರನ್ನು ಕಾಣಬೇಕು. ಗಾಯ ಪೂರ್ತಿ ಮಾಗಲಿ, ಆಮೇಲೆ ಹೋಗೋಣ ಅಂತ ಊರಲ್ಲಿ ಕೂತರೆ ಆ ದಿನಗಳು ನಮ್ಮ ಕೈಗೆ ಸಿಗುವುದಿಲ್ಲ.

ಶುರುವಾಗುವ ಮುಂಚೆ ಕೇಳಬೇಕಾದ್ದು

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಉತ್ತರ ಬರೆದುಕೊಳ್ಳಿ. ಒಟ್ಟು ಎಷ್ಟು ಗ್ರೇ, ಎಷ್ಟು ಸಿಟ್ಟಿಂಗ್? ಗ್ರೇ ಅಂದರೆ ಕಿರಣದ ಅಳತೆ, ಸಿಟ್ಟಿಂಗ್ ಅಂದರೆ ಒಂದು ಸಲದ ಚಿಕಿತ್ಸೆ. ಮಕ್ಕಳಿಗೆ ಸಾಮಾನ್ಯವಾಗಿ ದಿನಕ್ಕೆ 1.8 ಗ್ರೇ ಅಥವಾ ಅದಕ್ಕಿಂತ ಕಡಿಮೆ. ವಿಲ್ಮ್ಸ್‌ಗೆ ಹೊಟ್ಟೆಯ ಒಂದು ಬದಿಗೆ 10.8 ಗ್ರೇ ಅಂದರೆ ಬರೀ 6 ಸಿಟ್ಟಿಂಗ್. ಮೆಡುಲ್ಲೋಬ್ಲಾಸ್ಟೋಮಾದಲ್ಲಿ ಅಪಾಯ ಕಡಿಮೆ ಇರುವ ಮಕ್ಕಳಿಗೆ ತಲೆ, ಬೆನ್ನಿಗೆ 23.4, ಹರಡಿದ್ದರೆ 36, ಗೆಡ್ಡೆಯ ಜಾಗಕ್ಕೆ ಸೇರಿಸಿ ಒಟ್ಟು 54 ಗ್ರೇ. ಅಂದರೆ 30 ಸಿಟ್ಟಿಂಗ್, ಆರು ವಾರ.

ಈ ಗೆರೆ, ಈ ಪ್ಲಾನನ್ನು ಇನ್ನೊಬ್ಬ ಡಾಕ್ಟರ್ ನೋಡಿದ್ದಾರಾ? ಅಳತೆ ಮಾಡಿ ತಾಳೆ ನೋಡಿದ್ದೀರಾ? ದಿನಾ ಕೊಡುವ ಮುಂಚೆ ಚಿತ್ರ ತೆಗೆದು ಜಾಗ ಸರಿಯಿದೆಯಾ ಅಂತ ನೋಡುತ್ತೀರಾ? ಯಂತ್ರ ಕೆಟ್ಟರೆ ಏನು ಮಾಡುತ್ತೀರಿ? ಈ ನಾಲ್ಕು ಪ್ರಶ್ನೆ ಕೇಳಿದರೆ ಒಳ್ಳೆಯ ತಂಡಕ್ಕೆ ಖುಷಿಯೇ ಆಗುತ್ತದೆ. ಹೆಣ್ಣುಮಕ್ಕಳಿಗೆ ಕಿಬ್ಬೊಟ್ಟೆಗೆ ಕೊಡುವುದಾದರೆ ಅಂಡಾಶಯವನ್ನು ಕಿರಣದ ದಾರಿಯಿಂದ ಸರಿಸಿಡಬಹುದಾ ಅಂತಲೂ ಕೇಳಿ. ಮಗಳು ಚಿಕ್ಕವಳು, ಈಗಲೇ ಯಾಕೆ ಅಂತ ಸಂಕೋಚಪಡಬೇಡಿ. ಆಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಅನಸ್ತೇಶಿಯಾ ಇರುವ ಬೆಳಗು

ಸಾಮಾನ್ಯ ನಿಯಮ ಹೀಗೆ: ತಿಂಡಿ, ಹಾಲು, ಗಂಜಿ ಆರು ಗಂಟೆ ಮುಂಚೆ ನಿಲ್ಲಬೇಕು. ತಾಯಿಹಾಲು ನಾಲ್ಕು ಗಂಟೆ. ಬರೀ ನೀರು ಎರಡು ಗಂಟೆ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ. ಹಸಿದು ಅಳುವ ಮಗುವಿಗೆ ಸೆರಗಿನ ಮರೆಯಲ್ಲಿ ಒಂದು ಬಿಸ್ಕತ್ ಕೊಡುವ ಪ್ರೀತಿ ನಮಗೆಲ್ಲ ಗೊತ್ತು. ಆದರೆ ಮೈಮೇಲೆ ಎಚ್ಚರ ಇಲ್ಲದಾಗ ಹೊಟ್ಟೆಯಲ್ಲಿದ್ದದ್ದು ಉಸಿರಿನ ಕೊಳವೆಗೆ ಹೋದರೆ ಜೀವಕ್ಕೇ ಅಪಾಯ. ಕೊಟ್ಟುಬಿಟ್ಟಿದ್ದರೆ ಮುಚ್ಚಿಡಬೇಡಿ, ಹೇಳಿ. ಸಮಯ ಮುಂದಕ್ಕೆ ಹಾಕುತ್ತಾರೆ, ಅಷ್ಟೇ. ಬೆಳಗಿನ ಮೊದಲ ಸ್ಲಾಟ್ ಕೇಳಿ ಪಡೆಯಿರಿ, ಉಪವಾಸದ ಹೊತ್ತೆಲ್ಲ ನಿದ್ದೆಯಲ್ಲೇ ಕಳೆಯುತ್ತದೆ.

ಶುರುವಾದ ಮೇಲೆ

ವಾರಕ್ಕೆ ಐದು ದಿನ. ಮೇಜಿನ ಮೇಲೆ ಹತ್ತು ಹದಿನೈದು ನಿಮಿಷ. ನೋವಿಲ್ಲ, ಶಾಕ್ ಹೊಡೆಯುವುದಿಲ್ಲ. ಮಗುವಿನ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮನೆಗೆ ಬಂದ ತಕ್ಷಣ ತಂಗಿ ತಮ್ಮ ಅಪ್ಪಿಕೊಳ್ಳಬಹುದು.

ತಪ್ಪಿಸಬೇಡಿ ಅಂತ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ನಡುವೆ ಬಿಟ್ಟ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ. ಯುರೋಪಿನಲ್ಲಿ ನಡೆದ ಪಿಎನ್‌ಇಟಿ–3 ಅನ್ನುವ ಅಧ್ಯಯನದಲ್ಲಿ, ಮೆಡುಲ್ಲೋಬ್ಲಾಸ್ಟೋಮಾ ಮಕ್ಕಳಲ್ಲಿ 50 ದಿನದೊಳಗೆ ರೇಡಿಯೇಶನ್ ಮುಗಿಸಿದವರು, ಅದಕ್ಕಿಂತ ಎಳೆದವರಿಗಿಂತ ಹೆಚ್ಚು ಮಂದಿ ಉಳಿದರು. ಡೋಸ್ ಅದೇ. ದಿನ ಮಾತ್ರ ಬೇರೆ.

ಆದ್ದರಿಂದ ಮೊದಲ ದಿನವೇ ಕ್ಯಾಲೆಂಡರ್ ಬಿಡಿಸಿ. ದಸರಾ ನಡುವೆ ಬಂದರೆ ಆಯುಧಪೂಜೆ, ವಿಜಯದಶಮಿ ಎರಡು ದಿನ ವಿಭಾಗ ಮುಚ್ಚುತ್ತದಾ ಅಂತ ಕೇಳಿ. ಆಯುಧಪೂಜೆಗೆ ನಮ್ಮ ಯಂತ್ರಕ್ಕೂ ಹೂ, ಕುಂಕುಮ ಇಡುತ್ತೇವೆ. ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕೊಡಬಹುದು ಅಲ್ವಾ? ಆ ವಾರ ಶನಿವಾರ ಕೊಡಬಹುದಾ, ಅಥವಾ ಒಂದು ದಿನ ಕನಿಷ್ಠ 6 ಗಂಟೆ ಬಿಟ್ಟು ಎರಡು ಸಲ ಕೊಡಬಹುದಾ ಅಂತ ಕೇಳಿ. ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ರಸ್ತೆ ಬಂದ್. ಮಂಡ್ಯದಿಂದ ಬರುವವರು ಅವತ್ತು ಚಿಕಿತ್ಸೆ ಇದ್ದರೆ ಹಿಂದಿನ ರಾತ್ರಿಯೇ ಬಂದು ಆಸ್ಪತ್ರೆ ಹತ್ತಿರ ಉಳಿಯಿರಿ. ಯಂತ್ರ ಕೆಟ್ಟು ದಿನ ತಪ್ಪಿದರೂ ಅದೇ ಪ್ರಶ್ನೆ: ಈ ದಿನವನ್ನು ಹೇಗೆ ತುಂಬಿಸುತ್ತೀರಿ?

ಜ್ವರ ಬಂದರೆ ಮನೆಯಲ್ಲಿ ಕೂತು ಡೋಲೋ ಹಾಕಿ ಕಾಯಬೇಡಿ, ಕರೆದುಕೊಂಡು ಬನ್ನಿ. ಬೆನ್ನುಹುರಿಗೆ ಕೊಡುವಾಗ ರಕ್ತದ ಕಣಗಳು ಇಳಿಯುತ್ತವೆ, ವಾರಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಬೇಕು. ವಾಂತಿ ಆಗುತ್ತಿದ್ದರೆ ಔಷಧವನ್ನು ಚಿಕಿತ್ಸೆಗೆ ಅರ್ಧ ಗಂಟೆ ಮೊದಲೇ ಕೊಡಲು ಹೇಳುತ್ತಾರೆ.

ಕಿರಣ ಬೀಳುವ ಜಾಗಕ್ಕೆ ಎಣ್ಣೆ, ಅರಿಶಿನ, ವಿಭೂತಿ, ಪೌಡರ್ ಏನೂ ಬೇಡ. ಉಗುರುಬೆಚ್ಚಗಿನ ನೀರು ಸಾಕು. ಮೈ ಮೇಲೆ ಶಾಯಿಯ ಗುರುತು ಹಾಕಿದ್ದರೆ ಉಜ್ಜಬೇಡಿ. ದೀಪಾವಳಿಯ ಎಣ್ಣೆಸ್ನಾನ ಈ ವರ್ಷ ಬಿಡಿ. ಗುರುತು ಅಳಿಸಿಹೋದರೆ ನೀವೇ ಪೆನ್ನಿನಲ್ಲಿ ತಿದ್ದಬೇಡಿ.

ಮುಗಿದ ಮೇಲೆ

ತಲೆಗೆ ಕೊಟ್ಟ ಮಕ್ಕಳು, ಎಲ್ಲ ಮುಗಿದು ನಾಲ್ಕರಿಂದ ಎಂಟು ವಾರಕ್ಕೆ, ಇದ್ದಕ್ಕಿದ್ದಂತೆ ಹಗಲೆಲ್ಲ ಮಲಗಬಹುದು. ಊಟ ಬೇಡ, ಆಟ ಬೇಡ. ಕಾಯಿಲೆ ಮತ್ತೆ ಬಂತು ಅಂತ ಅಪ್ಪ ಅಮ್ಮ ನಡುಗಿಹೋಗುತ್ತಾರೆ. ಬಹಳ ಸಲ ಇದು ರೇಡಿಯೇಶನ್‌ನ ಸುಸ್ತು, ಕೆಲವು ವಾರದಲ್ಲಿ ತಾನೇ ಹೋಗುತ್ತದೆ. ಆದರೂ ಡಾಕ್ಟರಿಗೆ ತೋರಿಸಿ. ಜೊತೆಗೆ ತಲೆನೋವು, ವಾಂತಿ ಇದ್ದರೆ ಅವತ್ತೇ ಹೋಗಿ.

ಮಗುವಿನ ಎತ್ತರವನ್ನು ಆರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ತಾರೀಕು ಬರೆಯಿರಿ. ಗೆರೆ ಮೇಲೆ ಏರದೆ ನಿಂತರೆ ಬೆಳವಣಿಗೆಯ ಹಾರ್ಮೋನ್, ಥೈರಾಯ್ಡ್ ನೋಡಿಸಬೇಕು. ಎರಡಕ್ಕೂ ಔಷಧ ಇದೆ. ಕಿವಿ, ಕಣ್ಣು, ಹಲ್ಲು ತಪಾಸಣೆ ಮಾಡಿಸುತ್ತಿರಿ. ಶಾಲೆಯಲ್ಲಿ ಲೆಕ್ಕ ನಿಧಾನವಾದರೆ ಮೇಷ್ಟ್ರಿಗೆ ವಿಷಯ ಹೇಳಿ, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಿ. ಮಗು ಸೋಮಾರಿ ಅಲ್ಲ.

ಕೊನೆಯ ಸಿಟ್ಟಿಂಗ್ ದಿನ ಸಿಹಿ ಹಂಚಿ ಹಾಗೇ ಹೊರಡಬೇಡಿ. ಒಂದು ಹಾಳೆ ಕೇಳಿ ಪಡೆಯಿರಿ. ಯಾವ ಜಾಗಕ್ಕೆ, ಒಟ್ಟು ಎಷ್ಟು ಗ್ರೇ, ಎಷ್ಟು ಸಿಟ್ಟಿಂಗ್, ಯಾವ ತಾರೀಕಿನಿಂದ ಯಾವ ತಾರೀಕಿಗೆ, ಯಾವ ಯಂತ್ರ, ನಡುವೆ ಎಷ್ಟು ದಿನ ತಪ್ಪಿತು, ಇಷ್ಟೂ ಅದರಲ್ಲಿರಬೇಕು. ಪ್ಲಾನ್ ಇರುವ ಸಿಡಿಯನ್ನೂ ಕೇಳಿ. ಇಪ್ಪತ್ತು ವರ್ಷದ ನಂತರ ನಿಮ್ಮ ಮಗಳ ಹೆರಿಗೆ ನೋಡುವ ಡಾಕ್ಟರಿಗೆ, ನಿಮ್ಮ ಮಗನ ಎದೆನೋವು ನೋಡುವ ಡಾಕ್ಟರಿಗೆ ಈ ಹಾಳೆ ಬೇಕಾಗುತ್ತದೆ. ಅಷ್ಟು ಹೊತ್ತಿಗೆ ಆಸ್ಪತ್ರೆಯ ಫೈಲ್ ಸಿಗದೇ ಹೋಗಬಹುದು. ಆಧಾರ್, ರೇಶನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಅದನ್ನೂ ಇಡಿ. ಫೋಟೋ ತೆಗೆದು ಮಾವನ ಮೊಬೈಲಿಗೊಂದು, ಚಿಕ್ಕಮ್ಮನ ಮೊಬೈಲಿಗೊಂದು ಕಳಿಸಿಡಿ.